ಉಡಿ ತುಂಬಿ ಕಳಿಸಿದ ಹುಡುಗಿ

ರಜೆಗೆಂದು ವಾಡಿಗೆ ಬಂದಾಗಲೆಲ್ಲ ನಮ್ಮ ಓಣಿಯವರು ಕೇಳುವ ಮೊದಲ ಪ್ರಶ್ನೆ ಸಿಂಹದ್ದು. "ಅಕ್ಕಾ, ಅಲ್ಲಿ ಸಿಂಹ ಮನೀ ತನಕಾ ಬರ್ತಾವಂತಲ್ಲ, ಖರೇನ್ರಿ?" ಎಂದು ಪಕ್ಕದ ಮನೆಯ ಸೊಸೆ ಈ ಸಲವೂ ಕೇಳಿದಳು. ಇಷ್ಟು ವರ್ಷ ಆಫ್ರಿಕಾದ ಮಲಾವಿಯಲ್ಲಿದ್ದೇನೆ, ಸಿಂಹ ನೋಡಿದ್ದು ಮಾತ್ರ ಹೈದರಾಬಾದಿನ ಝೂನಲ್ಲಿ. ಹಾಗೆಂದರೆ ಪಾಪ ಅವಳ ಮುಖ ಸಪ್ಪಗಾಗುತ್ತದೆ. ಎರಡನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕಣ್ಣಲ್ಲೇ ಕೇಳುತ್ತಾರೆ: ಎಷ್ಟು ಮಂದಿಯನ್ನು ಕ್ರೈಸ್ತರನ್ನಾಗಿ ಮಾಡಿದೆ? ನಾನು ಹೋದ ಊರಿನಲ್ಲಿ ನನ್ನ ಅಜ್ಜ ಹುಟ್ಟುವ ಮೊದಲೇ ಚರ್ಚಿತ್ತು. ಅಲ್ಲಿನವರ ಪ್ರಾರ್ಥನೆ ನನ್ನದಕ್ಕಿಂತ ಉದ್ದ, ಹಾಡಂತೂ ಕೇಳುವುದೇ ಬೇಡ. ಅವರಿಗೆ ಬೇಕಾಗಿದ್ದದ್ದು ಹುಡುಗಿಯರ ಹಾಸ್ಟೆಲಿನಲ್ಲಿ ಬೆಳಗಿನಿಂದ ಸಂಜೆಯ ತನಕ ಬೇಸರಿಸದೆ ಓಡಾಡುವ ಒಬ್ಬ ಹೆಂಗಸು. ಮಿಷನರಿ ಎಂಬ ದೊಡ್ಡ ಹೆಸರಿನ ಒಳಗೆ ನಾನು ಮಾಡುವುದು ಇಷ್ಟೇ.

ಮೊದಲ ಸಲ ಹೊರಟಾಗ ಅವ್ವ ನನ್ನ ಪೆಟ್ಟಿಗೆಯಲ್ಲಿ ಬಣ್ಣದ ರಿಬ್ಬನ್ನು, ಹೇನಿನ ಹಣಿಗೆ, ಕೊಬ್ಬರಿ ಎಣ್ಣೆ ತುಂಬಿದ್ದಳು. ಹೆಣ್ಣುಮಕ್ಕಳ ಹಾಸ್ಟೆಲ್ ಅಂದ ಮೇಲೆ ಜಡೆ ಹಾಕುವುದೇ ದೊಡ್ಡ ಕೆಲಸ ಎಂದು ನಾವಿಬ್ಬರೂ ತಿಳಿದಿದ್ದೆವು. ಹೋಗಿ ನೋಡಿದರೆ ಒಬ್ಬಳ ತಲೆಯ ಮೇಲೂ ಹಿಡಿಯಲು ಕೂದಲಿಲ್ಲ. ಶಾಲೆಗೆ ಹೋಗುವ ಹುಡುಗಿಯರು ಅಲ್ಲಿ ಕೂದಲನ್ನು ಬುಡದವರೆಗೆ ಕತ್ತರಿಸಿಕೊಂಡಿರುತ್ತಾರೆ. ರಿಬ್ಬನ್ನುಗಳನ್ನು ಕ್ರಿಸ್ಮಸ್ ನಾಟಕದ ದೇವದೂತರ ಸೊಂಟಕ್ಕೆ ಕಟ್ಟಿದೆ, ಎಣ್ಣೆಯನ್ನು ನಾನೇ ಹಚ್ಚಿಕೊಂಡೆ.

ಬೆಳಗ್ಗೆ ಬೋರ್‌ವೆಲ್ಲಿನ ಕೈಪಂಪಿನ ಸದ್ದಿಗೆ ಎದ್ದರೆ ಕೆಲಸ ತಾನಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಚಿಕ್ಕವರಿಗೆ ಬಕೆಟ್ಟಿನಲ್ಲಿ ಸ್ನಾನ, ಹುಳುಕಡ್ಡಿಯಾದ ತಲೆಗಳಿಗೆ ಮುಲಾಮು, ಗೋವಿನಜೋಳದ ಗಂಜಿಗೆ ಶೇಂಗಾಪುಡಿ, ಹರಿದ ಯೂನಿಫಾರ್ಮಿಗೆ ಹೊಲಿಗೆ, ಶಾಲೆಗೆ ಹೊರಡುವಾಗ ಉಗುರು ನೋಡುವುದು. ಮಧ್ಯಾಹ್ನ ಹಿಟ್ಟು ಬೀಸಿಸಲು ಗಿರಣಿ, ಇಲ್ಲವೇ ಹಲ್ಲುನೋವಿನವಳೊಬ್ಬಳನ್ನು ಕರೆದುಕೊಂಡು ಆಸ್ಪತ್ರೆ. ಸಂಜೆ ಮಗ್ಗಿ, ಜಗಳ ಬಿಡಿಸುವುದು, ಪ್ರಾರ್ಥನೆ. ಪ್ರಾರ್ಥನೆಯಲ್ಲಿ ನಾನು ಒಂದು ಕಣ್ಣು ತೆರೆದೇ ಇಟ್ಟಿರುತ್ತೇನೆ, ಯಾರು ಯಾರನ್ನು ಚಿವುಟುತ್ತಾರೆ ಎಂದು. ದೇವರು ಇದನ್ನು ಮನ್ನಿಸಿದ್ದಾನೆಂದೇ ನನ್ನ ನಂಬಿಕೆ. ಅವರ ಚಿಚೇವಾ ಭಾಷೆಯನ್ನು ನಾನು ಆಡಿದರೆ ಹುಡುಗಿಯರು ಬಾಯಿಗೆ ಬಟ್ಟೆ ಅಡ್ಡಹಿಡಿದು ನಗುತ್ತಾರೆ. ನಗಲಿ, ಪುಕ್ಕಟೆ ಮನರಂಜನೆ ಅಲ್ಲಿ ಕಡಿಮೆ.

ಶನಿವಾರ ಮಾತ್ರ ನನ್ನದು. ಅಲ್ಲಿನ ಸಂತೆಯಲ್ಲೂ ಬಿಳಿಜೋಳ ಸಿಗುತ್ತದೆಂದು ಗೊತ್ತಾದ ದಿನ ನಾನು ಅತ್ತುಬಿಟ್ಟಿದ್ದೆ. ಆಳೆತ್ತರದ ಜೋಳದ ಹೊಲ ನೋಡಿದವಳಿಗೆ, ದಿನಾ ಗೋವಿನಜೋಳದ ಬಿಳಿ ಮುದ್ದೆ ಉಂಡು ನಾಲಿಗೆ ಸತ್ತಿತ್ತು. ಶನಿವಾರ ಹಿಟ್ಟು ನಾದಿ, ಬಡಿದು, ಇದ್ದಿಲಿನ ಒಲೆಯ ಮೇಲೆ ರೊಟ್ಟಿ ಸುಡುತ್ತಿದ್ದೆ. ರೊಟ್ಟಿ ಬಡಿಯುವ ಸದ್ದಿಗೆ ಹುಡುಗಿಯರೆಲ್ಲ ಬಂದು ಸುತ್ತ ನಿಲ್ಲುತ್ತಿದ್ದರು. "ಹಿಟ್ಟು ನಿಮಗೇನು ಮಾಡಿತೆಂದು ಹೊಡೆಯುತ್ತೀರಿ?" ಎಂದು ಕೇಳಿದವಳು ಒಬ್ಬಳೇ. ಅವಳ ವಿಷಯವೇ ನಾನು ಇಲ್ಲಿ ಹೇಳಬೇಕಾದದ್ದು.

ಅವಳು ಬಂದಾಗ ತೀರ ಚಿಕ್ಕವಳು, ನಾಲ್ಕು ತುಂಬಿತ್ತೋ ಇಲ್ಲವೋ. ತಾಯಿ ತೀರಿಕೊಂಡಿದ್ದಳು. ತಾಯಿಯ ತಾಯಿ ಇದ್ದಳು, ಆದರೆ ಆಗ ಕಾಲು ಮುರಿದುಕೊಂಡು ಚಾಪೆ ಹಿಡಿದಿದ್ದಳು. ಹೀಗಾಗಿ ಮಗು ನಮ್ಮಲ್ಲಿಗೆ ಬಂತು. ಬಂದವಳು ನನ್ನ ಲಂಗದ ಅಂಚು ಹಿಡಿದಳು, ಹತ್ತು ವರ್ಷದವಳಾಗುವ ತನಕ ಬಿಡಲಿಲ್ಲ. ಮೊದಲ ರೊಟ್ಟಿ ಯಾವಾಗಲೂ ಕರಕಾಗುತ್ತದಲ್ಲ, ಅದು ಅವಳದು. ನಾನು ಊರಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ಕೂತು ಅವ್ವನಿಗೆ "ಊಟಾ ಆಯ್ತೇನ್ರಿ?" ಎಂದು ಕೂಗುತ್ತಿದ್ದಳು. ಅವಳಿಗೆ ಬರುತ್ತಿದ್ದ ಕನ್ನಡ ಅದೊಂದೇ. ಎಲ್ಲ ಮಕ್ಕಳೂ ನನಗೆ ಒಂದೇ ಎಂದು ನಾನು ಸಭೆಗಳಲ್ಲಿ ಹೇಳುತ್ತೇನೆ. ಅದು ಸುಳ್ಳು. ಅವಳ ಮೇಲೆ ನನಗೆ ಒಂದು ಪಾಲು ಹೆಚ್ಚೇ ಪ್ರೀತಿ.

ಕಳೆದ ವರ್ಷ ಅಲ್ಲಿನ ಸರಕಾರದವರು ನಮಗೆ ಹೇಳಿಕಳಿಸಿದರು: ರಕ್ತಸಂಬಂಧಿಗಳಿರುವ ಮಕ್ಕಳು ಹಾಸ್ಟೆಲಿನಲ್ಲಿ ಬೆಳೆಯಬಾರದು, ಅವರವರ ಮನೆಗೆ ಮರಳಬೇಕು. ವಸತಿ ನಿಲ್ಲಿಸಿ, ಹಗಲು ಊಟ ಮತ್ತು ಪಾಠ ಮಾತ್ರ ನಡೆಸಿ. ಮಾತು ಸರಿಯಾಗಿಯೇ ಇತ್ತು. ಮಗುವಿಗೆ ಮನೆ ಬೇಕು, ನಾನಲ್ಲ. ತಲೆ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಮಕ್ಕಳ ಇಲಾಖೆಯ ಅಧಿಕಾರಿಣಿ ಅಜ್ಜಿಯನ್ನು ಕಂಡು ಮಾತಾಡಿ ಬಂದಳು. ಅಜ್ಜಿಯ ಕಾಲು ಈಗ ನೆಟ್ಟಗಾಗಿತ್ತು, ಹೊಲ ಮಾಡುತ್ತಿದ್ದಳು. "ಬರಲಿ, ನೋಡೋಣ," ಎಂದಳಂತೆ. ಈಸ್ಟರ್ ತನಕ ಇಟ್ಟುಕೊಂಡು ನೋಡುವುದು, ಹೊಂದಿಕೆಯಾದರೆ ಅಲ್ಲೇ. ಆಗದಿದ್ದರೆ ರಾಜಧಾನಿಯ ದೊಡ್ಡ ಅನಾಥಾಲಯಕ್ಕೆ, ಏಕೆಂದರೆ ಆ ಹೊತ್ತಿಗೆ ನಮ್ಮಲ್ಲಿ ಹಾಸಿಗೆಗಳೇ ಇರುವುದಿಲ್ಲ. ಆ ಅನಾಥಾಲಯವನ್ನು ನಾನು ನೋಡಿದ್ದೇನೆ. ಅಲ್ಲಿ ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲ, ಆದರೆ ಮಕ್ಕಳು ಬಂದವರೆಲ್ಲರನ್ನೂ ಅಪ್ಪಿಕೊಳ್ಳುತ್ತಾರೆ, ಯಾರೆಂದು ನೋಡದೆ. ಅವಳು ಹಾಗಾಗುವುದು ನನಗೆ ಬೇಡವಾಗಿತ್ತು.

ಹೊರಡುವ ಹಿಂದಿನ ಸಂಜೆ ಅವ್ವನಿಗೆ ಫೋನ್ ಮಾಡಿದೆ. ವಾಡಿಯ ಮನೆಯಲ್ಲಿ ಯಾವಾಗಲೂ ಗದ್ದಲ. ತಮ್ಮನ ಮಕ್ಕಳು, ಟಿವಿ, ಮಾತಿನ ನಡುವೆ ಹಾದುಹೋಗುವ ಗೂಡ್ಸ್ ಗಾಡಿ. ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದಳು: "ಹೆಣ್ಣುಮಗಳ್ನ ಬರೀ ಉಡೀಲೆ ಕಳಸಬ್ಯಾಡವ್ವಾ. ಉಡಿ ತುಂಬಿ ಕಳಸು."

"ಅಲ್ಲವ್ವಾ, ಇಲ್ಲಿ ಅದ್ಯಾರಿಗೆ ಗೊತ್ತದ?"

"ನಿನಗ ಗೊತ್ತದಿಲ್ಲೋ? ಸಾಕು."

ಉಡಿ ತುಂಬುವುದು ವಿಶ್ವಾಸಿಗಳ ಪದ್ಧತಿಯಲ್ಲ ಎಂದು ಹಿಂದೆ ಒಬ್ಬ ಪಾಸ್ಟರ್ ಚರ್ಚಿನಲ್ಲಿ ಒಂದು ತಾಸು ಪ್ರಸಂಗ ಮಾಡಿದ್ದರು. ಅವ್ವ ಮುಂದಿನ ಸಾಲಿನಲ್ಲೇ ಕೂತು ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ, ಮನೆಗೆ ಬಂದು ಗಂಡನ ಮನೆಗೆ ಹೊರಟಿದ್ದ ನನ್ನ ಅಕ್ಕನ ಉಡಿ ತುಂಬಿದ್ದಳು. ಕುಂಕುಮ ಇಡಲಿಲ್ಲ, ಬದಲಿಗೆ ಕೀರ್ತನೆ ಹೇಳಿದಳು. "ಯೇಸುಸ್ವಾಮಿಗೂ ಒಬ್ಬ ತಾಯಿ ಇದ್ದಳು, ಆಕೀಗಿ ತಿಳೀತದ" ಎಂಬುದು ಅವಳ ಸಮಜಾಯಿಷಿ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಅಂತೂ ಬೆಳಗ್ಗೆ ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿದೆ. ಅಲ್ಲಿ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ದಪ್ಪ ಬಣ್ಣದ ಬಟ್ಟೆ ಇದೆ. ಅಂಥದ್ದೊಂದು ಹೊಸದನ್ನು ಅವಳಿಗೆ ಸುತ್ತಿ, ಮುಂದಿನ ಅಂಚನ್ನು ಹಿಡಿಯಲು ಹೇಳಿದೆ. ಕಾಯಿ ಸಿಗಲಿಲ್ಲ, ಒಂದು ಮಾವಿನಹಣ್ಣು ಇಟ್ಟೆ. ಬೆಲ್ಲದ ಬದಲು ಸಕ್ಕರೆಯ ಪೊಟ್ಟಣ. ಶನಿವಾರದ ನನ್ನ ಬಿಳಿಜೋಳವನ್ನು ಐದು ಹಿಡಿ ಹಾಕಬೇಕಾದದ್ದು. ಕೈ ನಿಲ್ಲಲಿಲ್ಲ, ಡಬ್ಬಿಯಲ್ಲಿದ್ದದ್ದನ್ನೆಲ್ಲ ಸುರಿದೆ. ಅದರ ಮೇಲೆ ಶೇಂಗಾ. ಗಂಟು ಹಾಕಿ, "ಇದು ನಿನ್ನದು. ಇದನ್ನು ಯಾರೂ ಮರಳಿ ತೆಗೆದುಕೊಳ್ಳುವ ಹಾಗಿಲ್ಲ, ನಾನೂ ಸಹ," ಎಂದೆ. ಅವಳು ಭಾರಕ್ಕೆ ಬಾಗಿ ಎದ್ದು ನಿಂತಳು. ಉಳಿದ ಹುಡುಗಿಯರು ಅಂದು ನಗಲಿಲ್ಲ.

ಮಿನಿಬಸ್ಸು ಇಳಿದು, ಮೊಣಕಾಲೆತ್ತರದ ಗೋವಿನಜೋಳದ ನಡುವೆ ನಡೆದು ಹೋದೆವು. ಮಳೆ ಶುರುವಾಗಿತ್ತು. ನೋಡಿದವರಿಗೆ ಹಸಿರು ಕಣ್ಣಿಗೆ ತಂಪು, ಆದರೆ ಅಲ್ಲಿ ಹಸಿವಿನ ತಿಂಗಳುಗಳೆಂದರೆ ಇವೇ. ಹಳೆಯ ಬೆಳೆ ಮುಗಿದಿರುತ್ತದೆ, ಹೊಸದು ಇನ್ನೂ ಎಳೆಯದು. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದಕ್ಕೂ ನನ್ನ ಕೈಯಲ್ಲಿದ್ದದ್ದಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ, ಅಷ್ಟೇ.

ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಕಾದಿದ್ದಳು. ಸಣ್ಣಗೆ, ಗಟ್ಟಿಯಾಗಿ, ಬೆನ್ನು ನೆಟ್ಟಗೆ ಕೂತ ಹೆಂಗಸು. ಪಕ್ಕದಲ್ಲಿ ಅವಳ ಮಗ, ಅಂದರೆ ಹುಡುಗಿಯ ಸೋದರಮಾವ. ಎರಡೂ ಕಡೆಯಿಂದ ಚಪ್ಪಾಳೆ ತಟ್ಟಿ ಕುಶಲ ಕೇಳುವುದೆಲ್ಲ ಆಯಿತು. ಹುಡುಗಿ ಮೊಣಕಾಲೂರಿ ಅಜ್ಜಿಯ ಮುಂದೆ ಗಂಟು ಬಿಚ್ಚಿದಳು. ಜೋಳ ಬಟ್ಟೆಯ ಮೇಲೆ ಹರಡಿತು. ಅಜ್ಜಿ ಅದನ್ನು ನೋಡಿದಳು, ಆಮೇಲೆ ಅಂಗಳದ ಮೂಲೆಯ ತನ್ನ ಬಿದಿರಿನ ಕಣಜದ ಕಡೆ ನೋಡಿದಳು. ಅದು ಖಾಲಿಯಿತ್ತೆಂದು ನನಗೂ ಕಾಣುತ್ತಿತ್ತು.

"ನಮ್ಮಲ್ಲಿ ಕಾಳು ಹಿಟ್ಟು ಕಟ್ಟಿ ಕಳಿಸುವುದು ಆಸ್ಪತ್ರೆಗೆ ಹೋಗುವವರಿಗೆ," ಎಂದಳು. "ನನ್ನ ಮನೆ ಆಸ್ಪತ್ರೆಯೇ? ನನ್ನ ಮಗಳ ಮಗಳಿಗೆ ನಾನು ಉಣ್ಣಿಸಲಾರೆ ಎಂದು ಊರಿಗೆಲ್ಲ ತೋರಿಸಲು ಬಂದೆಯಾ?"

ಅಲ್ಲಿ ಸರಕಾರಿ ಆಸ್ಪತ್ರೆಗೆ ಸೇರಿದವರ ಜೊತೆ ಮನೆಯವರೊಬ್ಬರು ಹೋಗಿ, ಹಿಂದಿನ ಅಡುಗೆಮನೆಯಲ್ಲಿ ಬೇಯಿಸಿ ಹಾಕಬೇಕು. ಅದಕ್ಕೇ ಗಂಟು. ನನ್ನ ಹರಕು ಚಿಚೇವಾದಲ್ಲಿ ಉಡಿ, ತವರು, ಹೆಣ್ಣುಮಗಳು ಎಂದೆಲ್ಲ ಬಿಡಿಸಿ ಹೇಳಹೊರಟೆ. ಬಿಡಿಸಿದಷ್ಟೂ ಸಿಕ್ಕಾಯಿತು. ಹೊರಡುವ ಹುಡುಗಿಗೆ ತವರಿನವರು ಕೊಡುವುದು ಎಂದಾಗ ಮಾವ ಮೆಲ್ಲಗೆ, "ಅವಳು ಹೊರಡುತ್ತಿಲ್ಲ, ಮನೆಗೆ ಬರುತ್ತಿದ್ದಾಳೆ. ತವರು ಇದೇ ಅಲ್ಲವೇ?" ಎಂದ. ಆರು ವರ್ಷ ಸಾಕಿ, ತವರು ನಾನೇ ಎಂದು ಯಾವಾಗ ತಿಳಿದುಕೊಂಡೆನೋ!

"ಕಾಳು ತೆಗೆದುಕೊಂಡು ಹೋಗು, ಮಗು ಇರಲಿ," ಎಂದಳು ಅಜ್ಜಿ.

ತುಂಬಿದ ಉಡಿಯನ್ನು ಮರಳಿ ಕಟ್ಟಿಕೊಂಡು ಹೋಗುವುದೆಂದರೆ ಆ ಹುಡುಗಿಯ ಬಾಳನ್ನೇ ಬರಿದು ಮಾಡಿದ ಹಾಗೆ. ವಿದ್ಯಾವಂತಳು, ವಿಶ್ವಾಸಿ, ಏನೇ ಇರಲಿ, ನನ್ನ ಕೈ ಮುಂದೆ ಹೋಗಲಿಲ್ಲ. "ಆಗುವುದಿಲ್ಲ," ಎಂದೆ.

"ಹಾಗಾದರೆ ಎರಡನ್ನೂ ತೆಗೆದುಕೊಂಡು ಹೋಗು. ಕಾಳನ್ನೂ, ಮಗುವನ್ನೂ."

ಹುಡುಗಿ ಮೊಣಕಾಲ ಮೇಲೆಯೇ ಇದ್ದಳು. ಒಮ್ಮೆ ನನ್ನ ಮುಖ, ಒಮ್ಮೆ ಅಜ್ಜಿಯ ಮುಖ. ಇಬ್ಬರು ಹಟಮಾರಿ ಹೆಂಗಸರ ನಡುವೆ ಅವಳ ಗತಿ ಏನಾಗುತ್ತಿತ್ತೋ; ಮಾವ ಎದ್ದು, ಚೆಲ್ಲಿದ ಕಾಳನ್ನೆಲ್ಲ ಬಾಚಿ ಗಂಟು ಕಟ್ಟಿ, ಮನೆಯ ಸೂರಿನ ತೊಲೆಗೆ ತೂಗುಹಾಕಿದ. "ಇದು ಸದ್ಯಕ್ಕೆ ಯಾರದ್ದೂ ಅಲ್ಲ. ಅಧಿಕಾರಿಣಿ ಬರುವ ತನಕ ಇಲ್ಲೇ ಇರಲಿ," ಎಂದ. ಅಜ್ಜಿ ಎದ್ದು ಚಾಪೆ ಮಡಿಸಿದಳು. ನಾನು ಹೊರಟಾಗ ಹುಡುಗಿ ಹಿಂದೆ ಬರಲಿಲ್ಲ, ಅವಳನ್ನು ಅಜ್ಜಿ ಒಳಗೆ ಕರೆದಿದ್ದಳು. ಮಿನಿಬಸ್ಸಿನಲ್ಲಿ ಉದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ಆಮೇಲೆ ಅಜ್ಜಿಯನ್ನು ಬೈದೆ, ಇಬ್ಬರನ್ನು ಬೈದರೂ ಸಿಟ್ಟು ಇಳಿಯದೆ ಕೊನೆಗೆ ಅವ್ವನನ್ನೂ ಬೈದೆ.

ಕ್ರಿಸ್ಮಸ್ ಮುಗಿಸಿ ರಜೆಗೆ ವಾಡಿಗೆ ಬಂದೆ. ಜನವರಿಯ ಚಳಿ, ಎಲ್ಲರ ಮನೆಯಲ್ಲೂ ಹೊಸ ತೊಗರಿ. ಶಹಾಬಾದಿ ಪರ್ಸಿಕಲ್ಲಿನ ತಣ್ಣನೆಯ ನೆಲದ ಮೇಲೆ ಕಾಲಿಟ್ಟರೆ ಊರಿಗೆ ಬಂದೆ ಎನಿಸುತ್ತದೆ. ಈ ಸಲ ಹಾಗೆ ಎನಿಸಲಿಲ್ಲ. ಬಂದ ವಾರದಲ್ಲೇ ಹುಡುಗಿಯ ಸೋದರಮಾವನಿಂದ ಒಂದು ಸಂದೇಶ ಬಂತು: ಹುಡುಗಿಗೆ ಮಲೇರಿಯಾ, ಮೈಮೇಲೆ ಎಚ್ಚರವಿಲ್ಲ, ಆಸ್ಪತ್ರೆಗೆ ಒಯ್ದಿದ್ದೇವೆ. ಮರಳಿ ಮಾಡಿದರೆ ಫೋನ್ ಬಂದ್. ಅವನು ಫೋನ್ ಚಾರ್ಜ್ ಮಾಡಬೇಕೆಂದರೆ ಪೇಟೆಗೇ ಬರಬೇಕು, ನನಗೆ ಗೊತ್ತು. ಅಧಿಕಾರಿಣಿಯ ಫೋನಿಗೂ ಉತ್ತರವಿಲ್ಲ. ಮಳೆಗೆ ಆ ಕಡೆಯ ಟವರ್ ಬಿದ್ದಿದೆ ಎಂದು ಹಾಸ್ಟೆಲಿನವರು ಹೇಳಿದರು.

ಮಲೇರಿಯಾ ತಲೆಗೇರಿದರೆ ಅಲ್ಲಿ ಮಕ್ಕಳು ಹೇಗೆ ಹೋಗುತ್ತಾರೆಂದು ನಾನು ನೋಡಿದ್ದೇನೆ. ಉಳಿದರೂ ಏನು? ಕಾಯಿಲೆಯ ಮಗುವನ್ನು ಗಂಟಿನ ಜೊತೆ ತಂದು ಬಿಟ್ಟುಹೋದಳು, ಆಸ್ಪತ್ರೆಗೆ ಎಂದು ಮೊದಲೇ ಕಟ್ಟಿ ತಂದಿದ್ದಳು ಎಂದು ಅಜ್ಜಿ ಹೇಳಿದರೆ ಯಾರು ಅಲ್ಲವೆನ್ನುತ್ತಾರೆ? ಅಪಶಕುನದ ಹುಡುಗಿ, ಕರೆದುಕೊಂಡು ಹೋಗಿ ಎಂದುಬಿಟ್ಟರೆ? ನಾಲ್ಕೈದು ದಿನ ನಾನು ಫೋನ್ ಕೈಯಲ್ಲಿ ಹಿಡಿದೇ ಕೂತೆ. ರೊಟ್ಟಿ ಮುರಿದರೂ ತಟ್ಟೆಯಲ್ಲೇ ಬಿಡುತ್ತಿದ್ದೆ.

ಅವ್ವ ನನ್ನ ಎದುರಿಗೆ ಕೂತು, ಸೆರಗು ಬೆರಳಿಗೆ ಸುತ್ತುತ್ತ, "ನಾನೇ ಹೇಳ್ದೆ ನೋಡು. ಹೇಳಬಾರದಿತ್ತು," ಅಂದಳು. ಎಪ್ಪತ್ತು ದಾಟಿದ ಅವ್ವ ತಪ್ಪಾಯಿತೆಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಇನ್ನಷ್ಟು ಹೆದರಿಕೆಯಾಯಿತು.

ಮರುದಿನ ಅವಳೇ ಗದರಿಸಿ ಎಬ್ಬಿಸಿದಳು. "ಹಿಂಗ ಕುಂತ್ರ ಹುಚ್ಚ ಹಿಡೀತದ. ನಡಿ, ಸೇಡಮ್ಮಿಗಿ ಹೋಗಿ ನಿಮ್ಮ ಚಿಗವ್ವನ್ನರ ಮಾತಾಡ್ಸಿ ಬರಮು." ಹೋದೆವು. ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು. ಪ್ರಾರ್ಥನೆ ಎಂದು ಗೊತ್ತಾಯಿತು. ಚಿಗವ್ವನ ಮನೆಯಲ್ಲಿ ಅವಲಕ್ಕಿ, ಚಹಾ, ಯಾರದೋ ಮದುವೆಯ ಮಾತು. ನಾನು ಹ್ಞೂಂ ಹ್ಞೂಂ ಎನ್ನುತ್ತ ಕೂತಿದ್ದೆ. ಸಂಜೆಗೆ ಮರಳಿ ಸೇಡಂ ಬಸ್‌ಸ್ಟ್ಯಾಂಡಿಗೆ ಬಂದು ವಾಡಿ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ರಿಂಗಾಯಿತು. ಹೈದರಾಬಾದಿನ ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿತ್ತು. ಒಂದು ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದೆ.

ಮಾವನ ದನಿ. ಮೊದಲು ಕುಶಲ ಕೇಳಿದ, ನಾನು ಹೇಗಿದ್ದೇನೆ, ಅವ್ವ ಹೇಗಿದ್ದಾಳೆ, ನಮ್ಮ ಮನೆಯವರೆಲ್ಲ ಹೇಗಿದ್ದಾರೆ ಎಂದು. ಅವರಲ್ಲಿ ಹಾಗೇ, ಮನೆಗೆ ಬೆಂಕಿ ಬಿದ್ದರೂ ಮೊದಲು ಕುಶಲ. ನಾನು ಎಲ್ಲದಕ್ಕೂ ಚೆನ್ನಾಗಿದ್ದೇವೆ ಎಂದೆ. ಆಮೇಲೆ ಅವನು ಹೇಳಿದ: ಜ್ವರ ಇಳಿಯಿತು. ಮನೆಗೆ ಬಂದಿದ್ದೇವೆ.

ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಅವ್ವ ನನ್ನ ಮುಖ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ನಾನು ತಲೆಯಾಡಿಸಿದೆ, ಒಳ್ಳೆಯದೇ ಎಂದು.

ಮಾವ ಸಾವಕಾಶವಾಗಿ ಹೇಳುತ್ತ ಹೋದ. ಹುಡುಗಿಗೆ ಎಚ್ಚರ ತಪ್ಪಿದಾಗ ಅಜ್ಜಿ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಸೈಕಲ್ ಟ್ಯಾಕ್ಸಿಯ ಹಿಂದೆ ಕೂತು ಆಸ್ಪತ್ರೆಗೆ ಹೊರಟಳು. ಹತ್ತು ವರ್ಷದ ಹುಡುಗಿಯನ್ನು, ಹಾಲು ಕುಡಿಯುವ ಮಗುವನ್ನು ಕಟ್ಟಿಕೊಂಡ ಹಾಗೆ. ಮನೆಯಲ್ಲಿ ಹಿಟ್ಟಿರಲಿಲ್ಲ. ಅಂಗಳ ದಾಟಿದವಳು ಸೈಕಲ್ ನಿಲ್ಲಿಸಿ, "ಆ ಗಂಟು ಇಳಿಸಿ ಕೊಡು," ಎಂದಳಂತೆ. ಆಸ್ಪತ್ರೆಯ ಹಿಂದಿನ ಅಡುಗೆಮನೆಯಲ್ಲಿ ಯಾರದೋ ಒರಳು ಕೇಳಿ, ನನ್ನ ಬಿಳಿಜೋಳ ಕುಟ್ಟಿ ಗಂಜಿ ಮಾಡಿದಳು, ಸಕ್ಕರೆ ಹಾಕಿ ಚಮಚದಲ್ಲಿ ಕುಡಿಸಿದಳು. ಶೇಂಗಾ ಹುರಿದು ಪಕ್ಕದ ಹಾಸಿಗೆಯವರಿಗೂ ಕೊಟ್ಟಳು. "ಆ ಇಂಡಿಯಾದ ಹೆಂಗಸಿಗೆ ಹೀಗಾಗುತ್ತದೆಂದು ಮೊದಲೇ ಗೊತ್ತಿತ್ತು, ಅದಕ್ಕೇ ಕಟ್ಟಿ ಕಳಿಸಿದ್ದಳು. ನಾನೇ ತಿಳಿಯದೆ ಬೈದೆ," ಎಂದು ಅಲ್ಲಿದ್ದ ಹೆಂಗಸರಿಗೆಲ್ಲ ಹೇಳಿದಳಂತೆ. ಈಗ ಆ ಸುತ್ತಿನ ಹಳ್ಳಿಗಳಲ್ಲಿ ನಾನು ಭವಿಷ್ಯ ಬಲ್ಲವಳು. ಅಲ್ಲವೆಂದು ಹೇಳಲು ಹೊರಟೆ, ಆಮೇಲೆ ಬಾಯಿ ಮುಚ್ಚಿಕೊಂಡೆ. ಬಿಡಿಸಿ ಹೇಳುವುದರ ಸುಖ ನನಗೆ ಒಂದು ಸಲ ಸಾಕಾಗಿತ್ತು.

"ಅಧಿಕಾರಿಣಿ ಆಸ್ಪತ್ರೆಗೆ ಬಂದಿದ್ದಳು," ಎಂದ ಮಾವ. "ಹುಡುಗಿಯನ್ನು ರಾಜಧಾನಿಯ ಅನಾಥಾಲಯಕ್ಕೇ ಒಯ್ಯಲೇ, ಅಲ್ಲಿ ಡಾಕ್ಟರು ಹತ್ತಿರ ಎಂದಳು."

"ನಿನ್ನ ಅಮ್ಮ ಏನೆಂದಳು?"

"ಹಾಸಿಗೆಯ ಮೇಲೆ ಹತ್ತಿ ಹುಡುಗಿಯ ಪಕ್ಕ ಮಲಗಿಬಿಟ್ಟಳು. ಅಧಿಕಾರಿಣಿ ಸ್ವಲ್ಪ ಹೊತ್ತು ನಿಂತು ಹೋದಳು. ಇನ್ನು ಈಸ್ಟರ್ ತನಕ ನೋಡುವುದು ಏನೂ ಇಲ್ಲ ಎಂದಿದ್ದಾಳೆ. ಮಗು ನಮ್ಮದು."

ನನಗೆ ಅಳು ಬಂತು, ಅಳುತ್ತಲೇ ನಗು ಬಂತು. ಬಸ್‌ಸ್ಟ್ಯಾಂಡಿನ ಕಡ್ಲಿ ಮಾರುವವಳು ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಸಿದಿದೆ ಎಂಬುದು ಆಗಲೇ ಗೊತ್ತಾಯಿತು.

ಹುಡುಗಿಗೆ ಫೋನ್ ಕೊಡು ಎಂದೆ. ಅವಳ ದನಿ ತೆಳ್ಳಗಾಗಿತ್ತು, ಆದರೆ ಅವಳದೇ. ನಾನು ಸಾವಿರ ಮಾತು ಕೂಡಿಸಿಟ್ಟುಕೊಂಡಿದ್ದೆ. ಅವಳೋ ಕೋಳಿ ಮರಿ ಮಾಡಿದೆ, ಒಂದು ಮರಿಗೆ ಕಾಲು ಕುಂಟು, ಅಜ್ಜಿ ಗೊರಕೆ ಹೊಡೆಯುತ್ತಾಳೆ, ರಾತ್ರಿ ತನ್ನ ಕೈ ಹಿಡಿದುಕೊಂಡೇ ಗೊರಕೆ ಹೊಡೆಯುತ್ತಾಳೆ ಎಂದು ಒಂದೇ ಸಮನೆ ಹೇಳಿದಳು. ಮಾತ್ರೆ ನುಂಗುತ್ತಿದ್ದೀಯಾ ಎಂದು ಕೇಳಿದೆ. ಅಷ್ಟರಲ್ಲಿ ದೂರದಿಂದ ಒಂದು ಹೆಂಗಸಿನ ದನಿ, ಜೋರಾಗಿ, ಅವಳ ಹೆಸರು ಹಿಡಿದು ಕೂಗಿತು.

"ಅಜ್ಜಿ ಕರೆಯುತ್ತಿದ್ದಾಳೆ," ಎಂದಳು ಹುಡುಗಿ. ಫೋನ್ ಕಟ್ಟಾಯಿತು.

ನಾನು ಇಡುವ ಮೊದಲು ಅವಳು ಫೋನ್ ಇಟ್ಟದ್ದು ಅದೇ ಮೊದಲು. ಒಂದು ಗಳಿಗೆ ಎದೆ ಚುರ್ ಎಂದಿತು, ಸುಳ್ಳೇಕೆ ಹೇಳಲಿ.

"ಏನಂದ್ಳು?" ಎಂದು ಅವ್ವ ಮೈಮೇಲೆಯೇ ಬಂದಳು.

"ಆಯಿ ಕರೀಲಿಕತ್ತಾಳ ಅಂತ ಇಟ್ಟುಬಿಟ್ಟಳವ್ವಾ. ನಾ ಇನ್ನಾ ಮಾತಾಡ್ಲಿಕತ್ತಿದ್ದೆ."

ಅವ್ವ ನನ್ನ ಗದ್ದ ಹಿಡಿದು, ಸೆರಗಿನಿಂದ ಮುಖ ಒರೆಸಿ, "ಕರದ್ರ ಓಡಿ ಹೋಗ್ಲಿಕ್ಕ ಒಬ್ಬಾಕಿ ಸಿಕ್ಕಾಳಲ್ಲ ಆ ಹುಡುಗಿಗಿ. ಮತ್ತೇನು ಬೇಕು ನಿನಗ?" ಅಂದಳು.